ನಮ್ಮ ಲೈನಿನ ನಿದ್ದೆ ಪಾಳಿ

ಹೊಸದಾಗಿ ಅಪ್ಪನಾದವನನ್ನು ಗುರುತಿಸಲು ಅವನ ಕೈಯಲ್ಲಿ ಮಗು ಇರಬೇಕೆಂದೇನಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ಬರಿಗೈಯಲ್ಲಿ ನಿಂತಿದ್ದರೂ ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲನೆ ತೂಗುತ್ತಿರುತ್ತಾನೆ. ಮಗುವನ್ನು ಎತ್ತಿಕೊಂಡು ತೂಗಿ ತೂಗಿ ಮೈಗೆ ಹತ್ತಿದ ಚಾಳಿ ಅದು. ಮಗುವನ್ನು ಕೆಳಗಿಟ್ಟರೂ ಬಿಟ್ಟುಹೋಗುವುದಿಲ್ಲ. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ಮೇಷ್ಟ್ರು. ಒಂದು ದಿನ ಬೆಳಗಿನ ಅಸೆಂಬ್ಲಿಯಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗ, ನನ್ನೆದುರು ನಿಂತಿದ್ದ ಐದನೇ ಕ್ಲಾಸಿನ ಸಾಲು ಭತ್ತದ ಪೈರಿನ ಹಾಗೆ ಒಟ್ಟಿಗೆ ಓಲಾಡುತ್ತಿರುವುದು ಕಾಣಿಸಿತು. ಮಕ್ಕಳಿಗೆ ಇವತ್ತು ಎಂತಾಯಿತು ಎಂದು ಆಶ್ಚರ್ಯವಾಯಿತು. ಹೆಡ್ಮಾಸ್ಟರು ಬಂದು ನನ್ನ ಭುಜದ ಮೇಲೆ ಕೈಯಿಟ್ಟು ನಿಲ್ಲಿಸಿದರು. ನಾನು ನಿಂತೆ. ನಾನು ನಿಂತ ಮೇಲೆ ಮಕ್ಕಳ ಸಾಲೂ ನಿಂತಿತು.

ಆಗ ನಾವು ಸೀತಾಂಗೋಳಿಯ ಹತ್ತಿರ, ಒಂದೇ ಹೆಂಚಿನ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಲೈನು ಮನೆಗಳಲ್ಲೊಂದರಲ್ಲಿ ಬಾಡಿಗೆಗೆ ಇದ್ದೆವು. ನನ್ನ ಹೆಂಡತಿ ಶಾರದೆ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆ. ಮಾತಿನಲ್ಲಿ ಅವಳನ್ನು ಸೋಲಿಸುವವರು ಬ್ಯಾಂಕಿನಲ್ಲೂ ಇರಲಿಲ್ಲ, ನಮ್ಮ ಎರಡೂ ಕಡೆಯ ನೆಂಟರಲ್ಲೂ ಇರಲಿಲ್ಲ. ನಮಗೆ ಅವಳಿ ಮಕ್ಕಳಾದವು. ಹುಡುಗಿಗೆ ಇಳಾ ಎಂದೂ ಹುಡುಗನಿಗೆ ನಿಶಾಂತ ಎಂದೂ ಹೆಸರಿಟ್ಟೆವು. ನಿಶಾಂತ ಎಂದರೆ ರಾತ್ರಿಯ ಕೊನೆ. ಹೆಸರು ಆರಿಸಿದ್ದು ನಾನೇ. ನಿಘಂಟು ನೋಡಿ ಹೆಸರಿಡುವವರು ಮಗುವನ್ನೂ ಒಂದೆರಡು ವಾರ ನೋಡಿ ಇಡುವುದು ಒಳ್ಳೆಯದು. ಇವನಿಗೆ ರಾತ್ರಿ ಎಂದರೆ ಗೊತ್ತಿತ್ತು, ಕೊನೆ ಎಂದರೆ ಗೊತ್ತಿರಲಿಲ್ಲ. ಅವನು ಅತ್ತು ದಣಿದು ಮಲಗುವ ಹೊತ್ತಿಗೆ ಇಳಾ ಒಳ್ಳೆಯ ನಿದ್ದೆ ಮುಗಿಸಿ, ಬೆರಳು ಚೀಪುತ್ತಾ, ಮುಂದಿನ ಕಾರ್ಯಕ್ರಮ ಏನು ಎಂಬಂತೆ ನಮ್ಮನ್ನು ನೋಡುತ್ತಿದ್ದಳು.

ನೋಡಿಕೊಳ್ಳುವವರು ಯಾರೂ ಇರಲಿಲ್ಲವೇ ಎಂದು ನೀವು ಕೇಳಬಹುದು. ಎಲ್ಲರೂ ಇದ್ದರು. ಆದರೆ ಅತ್ತೆ ಬಚ್ಚಲಿನಲ್ಲಿ ಜಾರಿ ಕಾಲು ಮುರಿದುಕೊಂಡು ಮಲಗಿದ್ದರು. ನನ್ನ ಅಮ್ಮ ಎಡನೀರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಅತ್ತಿಗೆಗೆ ನಮಗಿಂತ ಸ್ವಲ್ಪ ಮೊದಲೇ ಹೆರಿಗೆಯಾಗಿತ್ತು. ಬಸ್ಸಿನ ಸೀಟಿನ ಹಾಗೆ ಅಮ್ಮ ಮೊದಲೇ ರಿಸರ್ವ್ ಆಗಿಬಿಟ್ಟಿದ್ದಳು. ಅಲ್ಲಿಯ ಬಾಣಂತನ ಮುಗಿಯದೆ ಅವಳು ಬರುವಂತಿರಲಿಲ್ಲ. ನಾವಿಬ್ಬರೂ ಓದಿದವರು, ಗಟ್ಟಿಯಿದ್ದೇವೆ, ಎರಡು ಮಕ್ಕಳಿಗೆ ಇಬ್ಬರು ದೊಡ್ಡವರು ಎಂದರೆ ಲೆಕ್ಕ ಸರಿಯಾಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆವು.

ಬಾಣಂತನ ಎಂದಾಗ ಒಂದು ಮಾತು ನೆನಪಾಗುತ್ತದೆ. ನಮ್ಮ ಭಾಷೆಯಲ್ಲಿ ಬಾಣಂತಿ ಎಂಬ ಶಬ್ದವಿದೆ, ಬಾಣಂತ ಎಂಬುದಿಲ್ಲ. ಹೆತ್ತವಳಿಗೆ ಎಣ್ಣೆ, ಬಿಸಿನೀರು, ಕಷಾಯ, ಲೇಹ್ಯ ಎಲ್ಲ ಉಂಟು. ಅವಳ ಗಂಡನಿಗೆ ಒಂದು ಹೆಸರು ಕೂಡ ಇಲ್ಲ. ಇದು ಅನ್ಯಾಯ ಎಂದು ಸ್ಟಾಫ್ ರೂಮಿನಲ್ಲಿ ನಾನು ವಾದಿಸಿದ್ದುಂಟು. ಹಿಂದಿಯ ಟೀಚರಮ್ಮ ಮೂರು ಹೆತ್ತವರು. ಅವರು ನನ್ನ ವಾದವನ್ನು ಪೂರ್ತಿ ಕೇಳಿ, ನಿಮ್ಮ ಅಂಗಿಯ ಗುಂಡಿ ತಪ್ಪಿದೆ ಮಾಸ್ಟ್ರೆ ಎಂದಷ್ಟೇ ಹೇಳಿದರು. ನಿದ್ದೆಯ ವಿಷಯದಲ್ಲಾದರೆ ಕನ್ನಡಕ್ಕೆ ಎಷ್ಟು ಸಿರಿವಂತಿಕೆ! ಜೊಂಪು, ಮಂಪರು, ತೂಕಡಿಕೆ, ಕೋಳಿನಿದ್ದೆ, ಸವಿನಿದ್ದೆ, ಗಾಢನಿದ್ದೆ. ಆ ದಿನಗಳಲ್ಲಿ ಮೊದಲ ನಾಲ್ಕು ನನಗೆ ಚೆನ್ನಾಗಿ ಪರಿಚಯವಾದವು. ಕೊನೆಯ ಎರಡು ಬೇರೆಯವರ ಮನೆಯ ವಿಚಾರ ಎಂಬಂತಿತ್ತು.

ಇದೆಲ್ಲ ಈಗ ನಗುವ ಮಾತು. ನಗುವಂತಿರದ ಒಂದು ಸಂಗತಿಯನ್ನು ನಾನು ತಡವಾಗಿ ಗಮನಿಸಿದೆ. ಶಾರದೆ ಮಾತು ನಿಲ್ಲಿಸಿದ್ದಳು. ಮೊದಮೊದಲು ಸುಸ್ತು ಎಂದುಕೊಂಡೆ. ಆಮೇಲೆ ನೋಡಿದರೆ ಅವಳು ಹೂಂ ಎನ್ನುವುದನ್ನೂ ಬಿಟ್ಟಿದ್ದಳು. ಅನ್ನ ಬಡಿಸಿಟ್ಟರೆ ಬಟ್ಟಲಿನ ಎದುರು ಕೂತಿರುತ್ತಿದ್ದಳು, ಉಣ್ಣುತ್ತಿರಲಿಲ್ಲ. ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಒಳಗೆ ಎರಡೂ ಮಕ್ಕಳು ಸ್ವರ ಬಿದ್ದುಹೋಗುವಷ್ಟು ಅಳುತ್ತಿದ್ದವು. ಶಾರದೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮನೆಗೆ ಬೆನ್ನು ಹಾಕಿ ಕೂತಿದ್ದಳು. ಮಕ್ಕಳನ್ನು ಎರಡು ತೋಳಿಗೂ ಎತ್ತಿಕೊಂಡು ನಾನು ಹಿಂದಿನ ಬಾಗಿಲಿಗೆ ಬಂದು ಕರೆದೆ. ಅವಳು ತಿರುಗದೆ ಹೇಳಿದಳು:

"ನನಗೆ ಕೇಳ್ತಾ ಉಂಟು. ಎದ್ದು ಬರ್ಲಿಕ್ಕೆ ಆಗುದಿಲ್ಲ."

ಸಿಟ್ಟಿಲ್ಲ, ಅಳು ಇಲ್ಲ, ನಾಳೆ ಬ್ಯಾಂಕಿಗೆ ರಜೆ ಎಂದು ಹೇಳುವ ಸ್ವರ. 

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಅದರ ಆಚೆ ಐಸಾಬಿಯವರು ಒಣಗಿದ ಬಟ್ಟೆ ತೆಗೆಯುತ್ತಿದ್ದರು. ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಪೈಕಿ, ಐವತ್ತು ದಾಟಿದ ಹೆಂಗಸು. ಗಂಡ ಶಾರ್ಜಾದಲ್ಲಿ. ನಾಲ್ಕು ಮಕ್ಕಳನ್ನು ಬೆಳೆಸಿ ಮದುವೆ ಮಾಡಿ ಕಳಿಸಿದ ಮೇಲೆ ಉಳಿದ ಶಕ್ತಿಯನ್ನೆಲ್ಲ ಅವರು ನಮ್ಮ ಅಯಲ್‌ಕೂಟಕ್ಕೆ ಹಾಕಿದ್ದರು. ಅಯಲ್‌ಕೂಟ ಎಂದರೆ ನೆರೆಮನೆಯ ಹೆಂಗಸರು ವಾರಕ್ಕೊಮ್ಮೆ ಸೇರುವ ಸಂಘ. ನಮ್ಮದು ರಾಜ್ಯದ ಗಡಿಯಾಚೆಯ ಊರು; ಪಂಚಾಯತಿನ ಮಲಯಾಳ ಶಬ್ದ, ನಮ್ಮ ಬಾಯಲ್ಲಿ ಕನ್ನಡವಾಗಿದೆ. ಐಸಾಬಿ ಅದರ ಅಧ್ಯಕ್ಷೆ. ಅವರು ಬಟ್ಟೆಯನ್ನು ಗೋಡೆಯ ಮೇಲೆ ಹಾಕಿ, ಸುತ್ತಿ ಬರುವ ಗೋಜಿಗೆ ಹೋಗದೆ, ಆ ವಯಸ್ಸಿನಲ್ಲಿ ಗೋಡೆಯನ್ನೇ ದಾಟಿ ಬಂದರು. ನನ್ನ ಕೈಯಿಂದ ಇಳಾಳನ್ನು ತೆಗೆದುಕೊಂಡರು. ಶಾರದೆಯ ಹತ್ತಿರ ಕಲ್ಲಿನ ಮೇಲೆಯೇ ಕೂತರು. ಇಳಾಳ ಬೆನ್ನು ತಟ್ಟಿ ಅಳು ನಿಲ್ಲಿಸಿದರು. ಮತ್ತೆ ನನ್ನ ಕಡೆ ತಿರುಗಿ ಹೇಳಿದರು:

"ಮಾಸ್ಟ್ರೆ, ಇದು ಇಬ್ರು ಮಾಡುವ ಕೆಲಸ ಅಲ್ಲ. ನನ್ನ ಮಕ್ಕಳು ಹುಟ್ಟುವಾಗ ನಮ್ಮ ಮನೆಯಲ್ಲಿ ಒಂದು ಬಸ್ಸಿನಷ್ಟು ಹೆಂಗಸರಿದ್ರು. ಆದ್ರೂ ನಾನು ಅತ್ತಿದ್ದೆ."

ಮರುದಿನ ಅವರೇ ಮುಂದೆ ನಿಂತು ಶಾರದೆಯನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರಮ್ಮ ಒಳ್ಳೆಯವರು. ಬಹಳ ಹೊತ್ತು ಮಾತಾಡಿಸಿದರು, ಹೆತ್ತವರಲ್ಲಿ ಹೀಗೆ ಆಗುವುದುಂಟು, ಇದು ಅವಳ ತಪ್ಪಲ್ಲ ಎಂದರು, ಔಷಧಿ ಬರೆದರು, ಪ್ರತಿ ವಾರ ಬರಲು ಹೇಳಿದರು. ಜೊತೆಗೆ ದಿನವೂ ಸ್ವಲ್ಪ ಹೊತ್ತಾದರೂ ಯಾರೂ ಎಬ್ಬಿಸದ ನಿದ್ದೆ ಬೇಕೇ ಬೇಕು ಎಂದರು. ಔಷಧಿ ಮೆಡಿಕಲ್ ಶಾಪಿನಲ್ಲಿ ಸಿಕ್ಕಿತು. ನಿದ್ದೆ ಎಲ್ಲಿ ಸಿಗುತ್ತದೆ ಎಂದು ನಾನು ಯೋಚಿಸುತ್ತಿದ್ದಾಗ, ಐಸಾಬಿ ಅದನ್ನು ಅಯಲ್‌ಕೂಟದಲ್ಲಿ ಎತ್ತಿದರು.

ಆ ಸಭೆಗೆ ನಾನು ಹೋಗಿರಲಿಲ್ಲ, ಗಂಡಸರಿಗೆ ಪ್ರವೇಶವಿಲ್ಲ. ಕೇಳಿ ತಿಳಿದದ್ದು ಇಷ್ಟು. ಆ ದಿನ ಹಪ್ಪಳದ ವಿಷಯ ಚರ್ಚೆಗಿತ್ತು. ಐಸಾಬಿ ಹಪ್ಪಳವನ್ನು ಬದಿಗಿಟ್ಟು, ಮಾಸ್ಟ್ರ ಮನೆಯ ಮಕ್ಕಳನ್ನು ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾವು ನೋಡಿಕೊಳ್ಳುವುದು ಎಂದರಂತೆ. ಒಬ್ಬೊಬ್ಬರಿಗೆ ಒಂದೊಂದು ದಿನ ಪಾಳಿ, ಜಾಗ ಐಸಾಬಿಯವರ ಹಜಾರ. ಯಾರೋ ಒಬ್ಬರು, ಅಷ್ಟು ಸಣ್ಣ ಮಕ್ಕಳು ಅತ್ತರೆ ಎಂದು ಕೇಳಿದ್ದಕ್ಕೆ, ಈಗ ಅಳದೆ ಇವೆಯಾ ಎಂದು ಇನ್ನೊಬ್ಬರು ಕೇಳಿದರಂತೆ. ಲೈನಿನ ಗೋಡೆಗಳು ತೆಳು. ನಿಶಾಂತನ ಸಂಗೀತ ಎಲ್ಲರ ಮನೆಗೂ ಉಚಿತವಾಗಿ ಬರುತ್ತಿತ್ತು. ಠರಾವು ಪಾಸಾಯಿತು.

ಮೊದಲ ಪಾಳಿ ಶನಿವಾರ, ನನಗೂ ರಜೆ. ಎರಡು ಗಂಟೆಗೆ ಶಾರದೆ ಹಾಲು ಕುಡಿಸಿದ ಮೇಲೆ ಇಬ್ಬರು ಬಂದು ಮಕ್ಕಳನ್ನು ಎತ್ತಿಕೊಂಡು ಹೋದರು. ನಾವು ಚಾಪೆ ಹಾಸಿ ಮಲಗಿದೆವು. ಎಂಥ ಮೌನ! ಗಡಿಯಾರದ ಸದ್ದು ಕೇಳಿಸಿತು; ನಮ್ಮಲ್ಲಿ ಸದ್ದು ಮಾಡುವ ಗಡಿಯಾರ ಇದೆ ಎಂಬುದೇ ನನಗೆ ಮರೆತುಹೋಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಶಾರದೆ ಸಣ್ಣ ಸ್ವರದಲ್ಲಿ, ಯಾಕೆ ಅಳುದಿಲ್ಲ ಎಂದಳು. ನನಗೂ ಅದೇ ಚಿಂತೆ. ಅತ್ತರೆ ಒಂದು ಕಷ್ಟ, ಅಳದಿದ್ದರೆ ನೂರು. ಇಬ್ಬರೂ ಮೆಲ್ಲನೆ ಎದ್ದು ಹಿತ್ತಲಿಗೆ ಹೋಗಿ ಗೋಡೆಯ ಮೇಲಿಂದ ಕತ್ತು ಚಾಚಿದೆವು. ಅಲ್ಲಿ ಐಸಾಬಿ ನಮಗಾಗಿಯೇ ಕಾಯುತ್ತಿದ್ದವರಂತೆ ಕುರ್ಚಿ ಹಾಕಿ ಕೂತಿದ್ದರು. ಒಳಗೆ ಹೋಗಿ ಮಲಗದಿದ್ದರೆ ಗೋಡೆಗೆ ಗಾಜಿನ ಚೂರು ಹಾಕಿಸುತ್ತೇನೆ ಎಂದರು. ಕಳ್ಳರಂತೆ ಒಳಗೆ ಬಂದೆವು. ಆಮೇಲಿನದು ನನಗೆ ಗೊತ್ತಿಲ್ಲ. ಎಚ್ಚರವಾದಾಗ ಬಿಸಿಲು ಕೋಣೆಯ ಆ ಮೂಲೆಗೆ ಹೋಗಿತ್ತು, ಶಾರದೆಯ ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು, ಮತ್ತು ಅವಳು ಇನ್ನೂ ಮಲಗಿದ್ದಳು.

ಪಾಳಿ ನಡೆಯತೊಡಗಿತು. ಒಂದು ದಿನ ಲೈನಿನ ಕೊನೆಯ ಮನೆಯ ಲಾರೆನ್ಸ್ ಪೊರ್ಬು ನನ್ನನ್ನು ದಾರಿಯಲ್ಲಿ ತಡೆದರು. ಕ್ರಿಸ್ತುವರ ಹಿರಿಯರನ್ನು ನಮ್ಮ ಕಡೆ ಪೊರ್ಬು ಎಂದು ಕರೆಯುತ್ತೇವೆ. ಹಡಗಿನಲ್ಲಿ ಅಡುಗೆಯವರಾಗಿ ದುಡಿದು ನಿವೃತ್ತರಾದವರು, ಹೆಂಡತಿ ತೀರಿಹೋಗಿದ್ದರು, ಮಾತು ಕಡಿಮೆ. ಅವರು ಹವಾಮಾನದ ಬಗ್ಗೆ ಸ್ವಲ್ಪ, ಬಂಗುಡೆಯ ಬಗ್ಗೆ ಸ್ವಲ್ಪ ಮಾತಾಡಿ, ಆಮೇಲೆ ಬೇರೆ ಕಡೆ ನೋಡುತ್ತಾ, ಆ ಪಾಳಿಯಲ್ಲಿ ಗಂಡಸರನ್ನು ಸೇರಿಸುತ್ತಾರಾ ಎಂದು ಕೇಳಿದರು. ಅವರಿಗೆ ಮೂವರು ಮಕ್ಕಳು. ಮೂರೂ ಹುಟ್ಟುವಾಗ ಅವರು ಸಮುದ್ರದಲ್ಲಿದ್ದರು. ಮನೆಗೆ ಬಂದಾಗ ಮಕ್ಕಳು ನಡೆಯುತ್ತಿದ್ದವು, ಇವರನ್ನು ಕಂಡರೆ ಓಡುತ್ತಿದ್ದವು.

"ಸಣ್ಣ ಮಗುವಿನ ತೂಕ ಎಷ್ಟು ಇರ್ತದೆ ಅಂತ ನನಗೆ ಗೊತ್ತಿಲ್ಲ ಮಾಸ್ಟ್ರೆ," ಎಂದರು.

ಐಸಾಬಿಗೆ ಹೇಳಿದೆ. ಅಯಲ್‌ಕೂಟದ ನಿಯಮದಲ್ಲಿ ಗಂಡಸರಿಲ್ಲ, ಆದರೆ ಮಗುವಿನ ನಿಯಮದಲ್ಲಿ ಹಾಗೇನಿಲ್ಲವಲ್ಲ ಎಂದು ಅವರು ಒಪ್ಪಿದರು. ಗುರುವಾರ ಪೊರ್ಬು ಸ್ನಾನ ಮಾಡಿ, ಇಗರ್ಜಿಗೆ ಹೋಗುವ ಬಿಳಿ ಅಂಗಿ ಹಾಕಿಕೊಂಡು ಬಂದರು. ನಿಶಾಂತನನ್ನು ಕೈಗೆ ಕೊಟ್ಟಾಗ ತುಂಬಿದ ಸಾರಿನ ಪಾತ್ರೆ ಹಿಡಿದವರಂತೆ ಉಸಿರು ಬಿಗಿಹಿಡಿದು ನಿಂತರು. ನಿಶಾಂತ ಅವರ ಬಿಳಿ ಅಂಗಿಗೆ ಸಲ್ಲಬೇಕಾದ ಮರ್ಯಾದೆಯನ್ನು ತಕ್ಷಣ ಸಲ್ಲಿಸಿದ. ಪೊರ್ಬು ನಕ್ಕರು. ಲೈನಿನಲ್ಲಿ ಅವರು ಹಾಗೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲವೆಂದು ಐಸಾಬಿ ಮತ್ತೆ ಹೇಳಿದರು. ಆಮೇಲೆ ಗುರುವಾರ ಅವರದ್ದೇ ಆಯಿತು. ಬೇರೆ ಯಾರೂ ಕೇಳುವ ಹಾಗಿಲ್ಲ. ಅವರು ಹಜಾರದ ಉದ್ದಕ್ಕೂ ಹಡಗಿನಲ್ಲಿ ನಡೆದವರಂತೆ ಕಾಲು ಅಗಲಿಸಿ ನಡೆಯುತ್ತಿದ್ದರು. ಆ ನಡಿಗೆ ನಿಶಾಂತನಿಗೆ ಏನು ಹಿತವೋ, ಗುರುವಾರಗಳಲ್ಲಿ ಅವನ ಹೆಸರಿನಲ್ಲಿರುವ ಶಾಂತವಾದರೂ ಸಾರ್ಥಕವಾಗುತ್ತಿತ್ತು.

ಇಷ್ಟರಲ್ಲಿ, ನನಗೆ ಶಾಲೆಯ ರಜೆ ಇದ್ದ ವಾರದಲ್ಲಿ, ಎಡನೀರಿನ ಬಾಣಂತನ ಮುಗಿಸಿ ಅಮ್ಮ ಬಂದಳು. ಚೀಲ ಕೆಳಗಿಟ್ಟು, ಮಕ್ಕಳ ಕೆನ್ನೆ ಸವರಿ, ಶಾರದೆಗೆ ಲೇಹ್ಯದ ಭರಣಿ ಕೊಟ್ಟು, ಇನ್ನು ಚಿಂತೆಯಿಲ್ಲ ಎಂದಳು. ಎರಡು ಗಂಟೆಗೆ ಪಾಳಿಯವರು ಬಂದು ಮಕ್ಕಳನ್ನು ಎತ್ತಿಕೊಂಡರು. ಅಮ್ಮ ನೋಡುತ್ತಾ ನಿಂತಳು. ಅವರು ಹೋದ ಮೇಲೆ ನನ್ನನ್ನು ಅಡಿಗೆಕೋಣೆಗೆ ಕರೆದು, ನಾವೆಲ್ಲ ಬದುಕಿರುವಾಗ ಮಕ್ಕಳು ಊರವರ ಮನೆಯಲ್ಲಿ ಬೆಳೆಯಬೇಕಾ ಎಂದು ಕೇಳಿದಳು. ಅವಳ ಮನಸ್ಸಿನಲ್ಲಿ ಇನ್ನೊಂದು ಮಾತೂ ಇತ್ತು. ಅದನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಳೆಯಿಂದ ಇದು ಬೇಡ, ನಾನು ಬಂದಾಯಿತಲ್ಲ ಎಂದಳು. ಶಾರದೆ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಆ ಬಟ್ಟೆಕಲ್ಲಿನ ದಿನದ ಬಣ್ಣ ಮತ್ತೆ ಬಂದಂತೆ ಕಂಡಿತು. ನನಗೆ ಹೆದರಿಕೆಯಾಯಿತು. ಅಮ್ಮನಿಗೆ ಎದುರಾಡಿದ ಅಭ್ಯಾಸವಿಲ್ಲ, ಆದರೂ, ಇದೊಂದನ್ನು ನಾನು ನಿಲ್ಲಿಸುವುದಿಲ್ಲ ಅಮ್ಮ ಎಂದೆ. ಅಮ್ಮ ಪಾತ್ರೆಗಳನ್ನು ಸದ್ದು ಮಾಡುತ್ತಾ ತೊಳೆದಳು. ಅವು ಮೊದಲೇ ತೊಳೆದಿಟ್ಟ ಪಾತ್ರೆಗಳು.

ವಿಷಯ ಗೋಡೆ ದಾಟದೆ ಇರುತ್ತದೆಯೇ? ಮರುದಿನ ಐಸಾಬಿ ತಾವೇ ಬಂದರು. ವಾದ ಮಾಡಲಿಲ್ಲ. ಮಕ್ಕಳು ಇರುವ ಜಾಗ ಹೇಗೆ ಉಂಟು ಎಂದು ಅಜ್ಜಿ ಒಮ್ಮೆ ನೋಡುವುದು ಬೇಡವಾ ಎಂದರು. ಅಮ್ಮ ತಪಾಸಣೆಗೆ ಹೊರಟ ಅಧಿಕಾರಿಯಂತೆ ಸೆರಗು ಬಿಗಿದು ಹೋದಳು. ನಾಲ್ಕಾಯಿತು. ಮಕ್ಕಳು ಬಂದವು, ಅಮ್ಮ ಬರಲಿಲ್ಲ. ಐದಾಯಿತು. ನಾನು ಗಾಬರಿಯಿಂದ ಹೋಗಿ ಬಾಗಿಲು ತಟ್ಟಿದರೆ, ಒಳಗಿಂದ ಐಸಾಬಿ, ಈಗ ಬರಬೇಡಿ ಮಾಸ್ಟ್ರೆ ಎಂದರು. ಆಮೇಲೆ ಅಮ್ಮನಿಂದಲೇ ತಿಳಿಯಿತು. ಅವಳು ಕೂರುವಾಗ ಸೊಂಟ ಹಿಡಿದುಕೊಂಡದ್ದನ್ನು ಐಸಾಬಿ ನೋಡಿದ್ದರು.

"ನೀವು ಅಲ್ಲಿ ಒಂದು ಬಾಣಂತನ ಮುಗಿಸಿ ಬಂದವರು, ಇಲ್ಲಿ ಇನ್ನೊಂದು," ಎಂದರಂತೆ ಅವರು. "ನಿಮ್ಮ ಸೊಂಟಕ್ಕೆ ಎಣ್ಣೆ ಹಾಕುವವರು ಯಾರು?"

ಆ ಪ್ರಶ್ನೆಯನ್ನು ಅಮ್ಮನಿಗೆ ಯಾರೂ ಕೇಳಿರಲಿಲ್ಲ. ಎರಡು ಗಂಡುಮಕ್ಕಳನ್ನು ಹೆತ್ತವಳು. ಅವಳನ್ನು ಹೆತ್ತವರೂ ಕೇಳಲಿಲ್ಲ, ಅವಳಿಗೆ ಹುಟ್ಟಿದ ನಾವೂ ಕೇಳಲಿಲ್ಲ. ಒಳಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿ, ಐಸಾಬಿ ಎಣ್ಣೆ ಬಿಸಿ ಮಾಡಿ ಅವಳ ಬೆನ್ನು ತಿಕ್ಕಿದರು. ತಿಕ್ಕುತ್ತಾ ತಿಕ್ಕುತ್ತಾ ಇಬ್ಬರೂ ತಮ್ಮ ತಮ್ಮ ಹೆರಿಗೆ, ನಾದಿನಿಯರು, ಗಂಡಂದಿರು ಎಲ್ಲರ ಕತೆ ಮುಗಿಸಿದರು. ಅಮ್ಮ ಮನೆಗೆ ಬಂದಾಗ ಮುಖ ಕೆಂಪಗಿತ್ತು, ಮೈಯೆಲ್ಲ ಎಣ್ಣೆಯ ಪರಿಮಳ. ಅವಳೇ, ಅಲ್ಲಿ ಹಜಾರದಲ್ಲಿ ಗಾಳಿ ಲಾಯ್ಕ ಬರ್ತದೆ ಎಂದಳು. ಮರುದಿನ ಒಂದೂವರೆಗೇ ತಲೆ ಬಾಚಿ ತಯಾರಾಗಿ ಕೂತಿದ್ದಳು. ಶಾರದೆಯ ಮುಖ ನೋಡಿದೆ. ಅವಳು ನನ್ನನ್ನು ನೋಡಿ, ಬಹಳ ದಿನಗಳ ಮೇಲೆ, ಹುಬ್ಬು ಹಾರಿಸಿದಳು.

ಬ್ಲಾಕ್ ಆಫೀಸಿನಿಂದ ಒಬ್ಬ ಅಧಿಕಾರಿ ಬಂದ ಕತೆಯನ್ನು ಇಲ್ಲಿ ಹೇಳದಿದ್ದರೆ ಐಸಾಬಿ ನನ್ನನ್ನು ಬಿಡಲಾರರು. ಪ್ರತಿಯೊಂದು ಅಯಲ್‌ಕೂಟಕ್ಕೂ ಒಂದು ಸಂರಂಭ ಇರಬೇಕಂತೆ. ಮಲಯಾಳದ ಸರಕಾರಿ ಭಾಷೆಯಲ್ಲಿ ಸಂರಂಭ ಎಂದರೆ ಉದ್ಯಮ. ನಮ್ಮ ಹಳೆಯ ನಿಘಂಟಿನಲ್ಲಿ ಅದೇ ಶಬ್ದಕ್ಕೆ ಗಡಿಬಿಡಿ, ಆವೇಗ, ಆರ್ಭಟ ಎಂಬ ಅರ್ಥಗಳಿವೆ. ಅಧಿಕಾರಿ ಮೊದಲನೆಯ ಅರ್ಥದಲ್ಲಿ ಕೇಳಿದರು. ಹಜಾರದಲ್ಲಿ ಆಗ ಎರಡನೆಯ ಅರ್ಥ ನಡೆಯುತ್ತಿತ್ತು. ಇಳಾ ಮತ್ತು ನಿಶಾಂತನ ಜೊತೆಗೆ ಇನ್ನೊಂದು ಮನೆಯ ಮಗುವೂ ಆಗ ಸೇರಿಕೊಂಡಿತ್ತು. ನಿಮ್ಮ ಉತ್ಪನ್ನ ಏನು ಎಂದು ಅವರು ಮಲಯಾಳದಲ್ಲಿ ಕೇಳಿದರು. ಐಸಾಬಿ, ನಿದ್ದೆ ಎಂದರು. ಅಧಿಕಾರಿ ಪೆನ್ನು ಎತ್ತಿಹಿಡಿದುಕೊಂಡೇ ನಿಂತರು. ಮತ್ತೆ ವಿವರ ಕೇಳಿ, ಕುರ್ಚಿಯಲ್ಲಿ ಕೂತು, ತಮ್ಮ ಮನೆಯಲ್ಲೂ ಒಂದು ಮೂರು ತಿಂಗಳಿನದು ಉಂಟು ಎಂದು ಕಣ್ಣುಜ್ಜಿಕೊಂಡರು. ಐಸಾಬಿ ಅವರಿಗೆ ಚಹಾ ಕೊಟ್ಟು, ಫ್ಯಾನು ಹಾಕಿ, ಸ್ವಲ್ಪ ಹೊತ್ತು ಯಾರೂ ಮಾತಾಡಿಸಬೇಡಿ ಎಂದು ಎಲ್ಲರಿಗೂ ಸನ್ನೆ ಮಾಡಿದರು.

ಶಾರದೆ ಗುಣವಾದದ್ದು ಯಾವಾಗ ಎಂದರೆ ಒಂದು ದಿನವನ್ನು ತೋರಿಸಲು ನನಗೆ ಆಗುವುದಿಲ್ಲ. ಡಾಕ್ಟರಮ್ಮ ಅದು ಮೆಲ್ಲನೆ ಬರುತ್ತದೆ ಎಂದಿದ್ದರು, ಮೆಲ್ಲನೆಯೇ ಬಂತು. ನಡುವೆ ಹಿಂದೆ ಹೋದ ದಿನಗಳೂ ಇದ್ದವು. ಆದರೆ ಒಂದು ಬೆಳಿಗ್ಗೆ ನಾನು ಮಕ್ಕಳ ಬಟ್ಟೆ ಒಣಹಾಕುತ್ತಿದ್ದೆ. ಅವಳು ಬಂದು, ಹೀಗೆ ಮುದ್ದೆ ಮಾಡಿ ಹಾಕಿದರೆ ಒಣಗುತ್ತದಾ, ಕೊಡವಿ ಹಾಕಬೇಕೆಂದು ಯಾರೂ ಕಲಿಸಲಿಲ್ಲವಾ, ಮದುವೆಯಾದ ವರ್ಷದಿಂದ ಹೇಳುತ್ತಿದ್ದೇನೆ, ನಿಮ್ಮ ಅಣ್ಣನೂ ಹೀಗೆಯೇ ಅಂತೆ, ಅತ್ತಿಗೆ ಹೇಳಿದರು, ಅಂದ ಹಾಗೆ ಅತ್ತಿಗೆಯ ತಂಗಿಗೆ ಗಂಡು ಗೊತ್ತಾಯಿತಂತೆ, ಹುಡುಗ ಕುಂಬಳೆಯವನು, ಅವನ ಮಾವನನ್ನು ನಾನು ಬ್ಯಾಂಕಿನಲ್ಲಿ ನೋಡಿದ್ದೇನೆ, ದೊಡ್ಡ ಜಿಪುಣ, ಎಂದು ಉಸಿರು ತೆಗೆದುಕೊಳ್ಳದೆ ಹೇಳುತ್ತಾ ಹೋದಳು. ನಾನು ಒದ್ದೆ ಬಟ್ಟೆ ಹಿಡಿದುಕೊಂಡು ನಿಂತು ಕೇಳಿದೆ. ನೀರು ತೊಟ್ಟಿಕ್ಕಿ ಪಾದ ಒದ್ದೆಯಾಯಿತು. ನಿಲ್ಲಿಸಬೇಡ ಎಂದು ಹೇಳಬೇಕೆನಿಸಿತು. ಹೇಳಿದರೆ ನಿಲ್ಲಿಸಿಯಾಳು ಎಂದು ಸುಮ್ಮನಾದೆ. ಗೋಡೆಯಾಚೆ ಐಸಾಬಿ ಕೋಳಿಗಳಿಗೆ ಅಕ್ಕಿ ಹಾಕುವ ಸದ್ದು ನಿಂತಿತ್ತು. ಅವರೂ ಕೇಳುತ್ತಿದ್ದರೆಂದು ಕಾಣುತ್ತದೆ.

ಮಕ್ಕಳು ಓಡಾಡುವಷ್ಟಾದರು, ಪಾಳಿ ನಿಲ್ಲಲಿಲ್ಲ. ಲೈನಿನಲ್ಲಿ ಒಂದಲ್ಲ ಒಂದು ಮನೆಯಲ್ಲಿ ತೊಟ್ಟಿಲು ಇದ್ದೇ ಇರುತ್ತಿತ್ತು. ಅಂಥ ಒಂದು ವರ್ಷ ರಂಜನ್ ಮತ್ತು ಸಬಿತಾ ಎಂಬ ಒಡಿಶಾದ ಎಳೆಯ ಜೋಡಿ ಲೈನಿನ ಹಿಂಬದಿಯ ಬಾಡಿಗೆ ಕೋಣೆಗೆ ಬಂತು. ಅವನಿಗೆ ನಮ್ಮ ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಲಸ. ಅವಳಿಗೆ ಇಲ್ಲೇ ಹೆರಿಗೆಯಾಯಿತು. ಅವಳ ಊರು ಎರಡು ದಿನದ ರೈಲಿನ ದಾರಿ. ಅಲ್ಲಿಂದ ಯಾರೂ ಬರುವಂತಿರಲಿಲ್ಲ. ಕನ್ನಡವಿಲ್ಲ, ಮಲಯಾಳವಿಲ್ಲ, ತುಳುವಿಲ್ಲ. ಬಾಗಿಲು ಮುಚ್ಚಿಕೊಂಡೇ ಇರುತ್ತಿದ್ದಳು. ಒಂದು ದಿನ ಶಾರದೆ ಹೋಗಿ ಬಾಗಿಲು ತಟ್ಟಿದಳು. ಎರಡೂ ಅಂಗೈಯನ್ನು ಕೆನ್ನೆಗಿಟ್ಟು ಮಲಗುವ ಸನ್ನೆ ಮಾಡಿ, ಕೈ ಚಾಚಿದಳು. ಸಬಿತಾ ಮಗುವನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದೆ ಹೋದಳಂತೆ. ಶಾರದೆ ಅವಸರ ಮಾಡಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು, ತನಗೆ ಆದದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಹೇಳಿದಳು. ಒಂದು ಶಬ್ದವೂ ತಿಳಿಯದ ಹುಡುಗಿ ಅದನ್ನು ಕೇಳಿ ಅತ್ತಳು, ಕಣ್ಣೊರಸಿಕೊಂಡು ಮಗುವನ್ನು ಕೊಟ್ಟಳು.

ಒಂದು ಭಾನುವಾರ ಆ ಮಗುವಿನ ಪಾಳಿ ನನ್ನದು. ಐಸಾಬಿಯವರ ಹಜಾರದ ಈಜಿಚೇರಿನಲ್ಲಿ ಕೂತು, ಮಗುವನ್ನು ಎದೆಗೊರಗಿಸಿಕೊಂಡು, ನನಗೆ ಬರುವ ಏಕೈಕ ಜೋಗುಳವಾದ ಮಗ್ಗಿಯನ್ನು ಹೇಳತೊಡಗಿದೆ. ಏಳರ ಮಗ್ಗಿಯವರೆಗೆ ನೆನಪಿದೆ. ಎಚ್ಚರವಾದಾಗ ಎದೆಯ ಮೇಲೆ ಮಗು ಇರಲಿಲ್ಲ. ಥಟ್ಟನೆ ಏಳಬೇಕೆನ್ನುವಷ್ಟರಲ್ಲಿ ಮಾತುಗಳು ಕೇಳಿಸಿದವು. ಶಾರದೆ ಕನ್ನಡದಲ್ಲಿ, ಐಸಾಬಿ ಬ್ಯಾರಿಯಲ್ಲಿ, ಸಬಿತಾ ತನ್ನ ಒಡಿಯಾದಲ್ಲಿ ಏನೋ ಹೇಳುತ್ತಿದ್ದರು. ಮೂವರಿಗೂ ಮೂವರ ಮಾತೂ ತಿಳಿಯುತ್ತಿದ್ದಂತಿತ್ತು. ಯಾರೋ ನನ್ನ ಗೊರಕೆಯನ್ನು ಅನುಕರಿಸಿದರು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಹೊಸದಾಗಿ ಕೇಳುತ್ತಿದ್ದದ್ದು, ಎಳೆಯ ಸ್ವರದ್ದು, ಸಬಿತಾಳದು. ಮಗು ಅವರಲ್ಲಿ ಯಾರದೋ ಮಡಿಲಿನಲ್ಲಿ ಲೊಚಗುಟ್ಟುತ್ತಿತ್ತು.

ಪಾಳಿಯವನು ಮಲಗಿದ್ದು ತಪ್ಪೇ ಸರಿ. ಎದ್ದು ಕ್ಷಮೆ ಕೇಳುವುದು ಮರ್ಯಾದೆ. ಆದರೆ ನಾನು ಕಣ್ಣು ತೆರೆಯಲಿಲ್ಲ. ಇಷ್ಟು ಜನ ಎಚ್ಚರವಾಗಿರುವಾಗ ನಾನೊಬ್ಬ ಮಲಗಿದರೆ ಲೋಕಕ್ಕೆ ಏನೂ ಆಗುವುದಿಲ್ಲ ಎಂಬ ಇಷ್ಟು ಸಣ್ಣ ಸಂಗತಿಯನ್ನು ಕಲಿಯಲು ನನಗೆ ಒಟ್ಟಿಗೆ ಎರಡು ಮಕ್ಕಳೇ ಬೇಕಾದವು. ಕಲಿತದ್ದನ್ನು ಮರೆಯಬಾರದೆಂದು ಮಗ್ಗುಲು ಬದಲಿಸಿದೆ.